ಪಾಪದ ಕೋಳಿ

ನಮ್ಮ ಬೆಳ್ಳಾರೆ ಕಡೆ ಒಬ್ಬ ಮನುಷ್ಯನನ್ನು ಎರಡೇ ಅಕ್ಷರದಲ್ಲಿ ಹೊಗಳಬೇಕಾದರೆ “ಅವ ಪಾಪ” ಎನ್ನುತ್ತೇವೆ. ಜಗಳಕ್ಕೆ ಬಾರದವ, ಯಾರ ಗೊಡವೆಗೂ ಹೋಗದವ, ಬೈದರೆ ತಿರುಗಿ ಬೈಯದವ, ಅವನೇ ಪಾಪ. ಹೆಣ್ಣು ಕೊಡುವ ಮೊದಲು ಅಕ್ಕಪಕ್ಕದಲ್ಲಿ ವಿಚಾರಿಸಿದರೆ “ಹುಡುಗ ಪಾಪ, ಕೊಡಬಹುದು” ಎಂಬ ಉತ್ತರ ಸಿಗುವುದುಂಟು. ಕೈಯಲ್ಲಿ ಏನೂ ಇಲ್ಲದವರಿಗೆ ಪಾಪದವರು ಎಂದೇ ಹೆಸರು. ಹೀಗೆ ವಾರದ ಆರು ದಿನ ಪಾಪವಾಗಿ ತಿರುಗಾಡಿದ ಮನುಷ್ಯ ಆದಿತ್ಯವಾರ ಬೆಳಿಗ್ಗೆ ನಮ್ಮ ಪ್ರಾರ್ಥನಾಲಯದ ಬೆಂಚಿನ ಮೇಲೆ ಕುಳಿತ ಕೂಡಲೇ ಪಾಪಿಯಾಗಿಬಿಡುತ್ತಾನೆ. ಹೊಗಳಿಕೆಗೂ ನರಕಕ್ಕೂ ನಡುವೆ ಇರುವುದು ಒಂದು ಗುಡಿಸು ಮಾತ್ರ.

ಈ ವಿಷಯವನ್ನು ನಾನು ಯಾಕೆ ಇಷ್ಟು ಗಂಭೀರವಾಗಿ ತೆಗೆದುಕೊಂಡಿದ್ದೇನೆ ಎಂದು ನೀವು ಕೇಳಬಹುದು. ಕಾರಣವಿದೆ. ನನ್ನ ದೊಡ್ಡಮ್ಮನನ್ನು ಈ ಎರಡು ಅಕ್ಷರಕ್ಕಾಗಿ ಕರ್ತನ ಭೋಜನದಿಂದ ಹೊರಗಿಟ್ಟಿದ್ದರು. ಆಗ ನನಗೆ ಇಪ್ಪತ್ತು ವರ್ಷ. ಇಪ್ಪತ್ತು ವರ್ಷದವನಿಗೆ ನ್ಯಾಯವೆಂಬುದು ಹೊಸ ಕತ್ತರಿಯ ಹಾಗೆ. ಏನನ್ನಾದರೂ ಕತ್ತರಿಸದೆ ಕೈ ಸುಮ್ಮನಿರುವುದಿಲ್ಲ.

ಕತ್ತರಿ ಎಂದದ್ದು ಅಲಂಕಾರಕ್ಕಲ್ಲ. ನಾನು ಟೈಲರ್. ಎಂಟನೆಯ ಕ್ಲಾಸಿಗೆ ಶಾಲೆ ಬಿಟ್ಟು, ಬೆಳ್ಳಾರೆ ಪೇಟೆಯಲ್ಲಿ ಅದ್ರಾಮ ಬ್ಯಾರಿಗಳ ಜವಳಿ ಅಂಗಡಿಯ ಜಗಲಿಯಲ್ಲಿ ಹೊಲಿಗೆ ಮಿಷನ್ ಇಟ್ಟು ಕುಳಿತವ. ನಾವೆಲ್ಲ ಅವರನ್ನು ಅದ್ರಾಮಾಕ ಎನ್ನುವುದು. ಒಳಗೆ ಅವರು ಬಟ್ಟೆ ಹರಿದು ಕೊಡುವುದು, ಹೊರಗೆ ನಾನು ಹೊಲಿಯುವುದು. ಆದರೆ ನನ್ನ ಮನಸ್ಸಿನಲ್ಲಿ ನಾನು ಟೈಲರ್ ಆಗಿರಲಿಲ್ಲ, ಶಾಸ್ತ್ರಜ್ಞನಾಗಿದ್ದೆ. ಅಂಚೆಯ ಮೂಲಕ ಬೈಬಲ್ ಪಾಠ ಕಳಿಸುವ ಒಂದು ಕಡೆಯಿಂದ ನನಗೆ ತಿಂಗಳಿಗೊಂದು ಸಣ್ಣ ಪುಸ್ತಕ ಬರುತ್ತಿತ್ತು. ಹಿಂದಿನ ಪುಟದಲ್ಲಿ ಪ್ರಶ್ನೆಗಳು. ಉತ್ತರ ಬರೆದು ಕಳಿಸಿದರೆ ಕೆಂಪು ಮಸಿಯಲ್ಲಿ “ಉತ್ತಮ” ಎಂದು ಹಿಂದೆ ಬರುತ್ತಿತ್ತು. ಎಲ್ಲರಿಗೂ ಉತ್ತಮ ಎಂದೇ ಬರೆಯುತ್ತಿದ್ದರೆಂದು ಬಹಳ ಕಾಲದ ಮೇಲೆ ಗೊತ್ತಾಯಿತು. ಆ ಪುಸ್ತಕಗಳಿಂದ ನಾನು ಒಟ್ಟು ಒಂಬತ್ತು ಗ್ರೀಕ್ ಶಬ್ದ, ನಾಲ್ಕು ಇಬ್ರಿಯ, ಅಂದರೆ ಹೀಬ್ರೂ, ಶಬ್ದ ಕಲಿತಿದ್ದೆ. ಹದಿಮೂರು ಶಬ್ದ ಗೊತ್ತಿರುವವನ ಎದುರು ವಾದಕ್ಕೆ ನಿಲ್ಲುವುದು ಕಷ್ಟ. ಹದಿಮೂರು ಸಾವಿರ ಗೊತ್ತಿದ್ದವರು ಕೊನೆಪಕ್ಷ ಅನುಮಾನಪಡುತ್ತಾರೆ.

ಗ್ರೀಕಿನಲ್ಲಿ ಪಾಪಕ್ಕೆ ಇರುವ ಶಬ್ದದ ಮೂಲ ಅರ್ಥ ಗುರಿ ತಪ್ಪುವುದು ಎಂದು ಓದಿದ ದಿನ ನಾನು ಊಟ ಮಾಡಲಿಲ್ಲ. ಅಷ್ಟು ಸಂತೋಷ. ಚಾಕ್ ಗೀಟು ಬಿಟ್ಟು ಕತ್ತರಿ ಆಚೆ ಹೋಗುವುದು, ಅದೇ ಪಾಪ. ಎಷ್ಟೋ ಜನರ ಅಂಗಿಯ ಮೇಲೆ ನಾನು ದಿನಾ ಮಾಡುತ್ತಿದ್ದದ್ದು. ಇನ್ನೊಂದು ಪುಸ್ತಕದಲ್ಲಿ, ಇಬ್ರಿಯದಲ್ಲಿ ಕರುಣೆಗೆ ಹೇಳುವ ಶಬ್ದವೂ ತಾಯಿಯ ಗರ್ಭಕ್ಕೆ ಹೇಳುವ ಶಬ್ದವೂ ಒಂದೇ ಬೇರಿನವು ಎಂದಿತ್ತು. ರಹಮ್ ಎಂದೇನೋ ಬರೆದಿತ್ತು. ಇದನ್ನು ಅದ್ರಾಮಾಕನಿಗೆ ದೊಡ್ಡ ಸಂಶೋಧನೆಯ ಹಾಗೆ ಹೇಳಿದೆ. ಅವರು ಗಜಕೋಲಿನಿಂದ ಬೆನ್ನು ತುರಿಸಿಕೊಳ್ಳುತ್ತ, “ಇಷ್ಟು ದಿನ ನನ್ನ ಹೆಸರು ಕರೀತಿದ್ದಿಯಲ್ಲ, ಅದ್ರಾಮ ಅಂದ್ರೆ ಎಂತ ಅಂತ ಗ್ರಹಿಸಿದ್ದಿ? ಅಬ್ದುಲ್ ರಹಮಾನ್. ಕರುಣೆ ಇರುವವನ ಆಳು ಅಂತ. ನಿನ್ನ ಅಂಚೆಯವರು ಅದಕ್ಕೆ ಎಷ್ಟು ಮಾರ್ಕು ಕೊಡ್ತಾರೆ ಕೇಳು” ಎಂದರು.

ಇನ್ನು ದೊಡ್ಡಮ್ಮ. ಹೆಸರು ಲೂದಿಯ. ನನ್ನನ್ನು ಸಾಕಿದವಳು ಅವಳು. ಮದುವೆ ಮಾಡಿಕೊಳ್ಳಲಿಲ್ಲ, ಯಾಕೆಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಲೇಸು ಹೆಣೆಯುವುದರಲ್ಲಿ ಕೈ ಅಂದರೆ ಕೈ. ನಮ್ಮ ಪ್ರಾರ್ಥನಾಲಯದ ಭೋಜನದ ಮೇಜಿಗೆ ಹಾಸುವ ಬಿಳಿ ಬಟ್ಟೆ ಅವಳದ್ದೇ ಹೆಣಿಗೆ. ಅದನ್ನು ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿ, ಮಡಿಚಿ ತಲೆಯ ಮಟ್ಟದಲ್ಲಿ ಎತ್ತಿ ಹಿಡಿದು ತೆಗೆದುಕೊಂಡು ಹೋಗುವುದೂ ಅವಳೇ. ದಾರಿಯಲ್ಲಿ ಯಾರಾದರೂ ಮಾತಾಡಿಸಿದರೆ ಆ ದಿನ ಮಾತ್ರ ಉತ್ತರ ಕೊಡುತ್ತಿರಲಿಲ್ಲ. ನಮ್ಮ ಸಭೆ ಸಣ್ಣದು, ಹತ್ತು ಹನ್ನೆರಡು ಮನೆ. ಪುತ್ತೂರಿನಿಂದ ಅಯ್ಯನವರು, ಅಂದರೆ ಸಭೆಯ ಪಾದ್ರಿಗಳು, ತಿಂಗಳಿಗೊಮ್ಮೆ ಬಸ್ಸಿನಲ್ಲಿ ಬರುತ್ತಿದ್ದರು. ಕರ್ತನ ಭೋಜನ ವರ್ಷಕ್ಕೆ ಮೂರೇ ಸಲ: ಕ್ರಿಸ್ಮಸಿಗೆ, ಶುಭ ಶುಕ್ರವಾರಕ್ಕೆ, ಕೊಯ್ಲಿನ ಹಬ್ಬಕ್ಕೆ. ರೊಟ್ಟಿಯ ಒಂದು ತುಂಡು, ದ್ರಾಕ್ಷಾರಸದ ಒಂದು ಗುಟುಕು. ದೊಡ್ಡಮ್ಮನಿಗೆ ವರ್ಷವೆಂದರೆ ಆ ಮೂರು ದಿನ. ಉಳಿದವು ಅವುಗಳ ನಡುವೆ ಒಗೆಯುವ, ಒಣಗಿಸುವ ದಿನಗಳು.

ನಾವೆಲ್ಲ ಮದ್ರಾಸು ರಾಜ್ಯದವರಾಗಿದ್ದದ್ದು ಹೋಗಿ, ನಮ್ಮನ್ನು ಕೇಳದೆಯೇ ಮೈಸೂರು ರಾಜ್ಯದವರಾಗಿ ಎರಡು ವರ್ಷವಾಗಿತ್ತು. ಆ ವರ್ಷ ಕ್ರಿಸ್ಮಸ್ ಕಳೆದ ಮೇಲೆ ದೊಡ್ಡಮ್ಮನಿಗೆ ಜ್ವರ ಹಿಡಿಯಿತು. ಮೂರು ವಾರ ಬಿಡಲಿಲ್ಲ. ಸುಳ್ಯದ ಡಾಕ್ಟರು ಬಂದು ಮದ್ದು ಕೊಟ್ಟರು, ಅಯ್ಯನವರು ಬಂದು ಪ್ರಾರ್ಥನೆ ಮಾಡಿದರು, ನಾನು ಕೀರ್ತನೆಗಳನ್ನು ಓದಿದೆ. ಪಕ್ಕದ ಮನೆಯ ಶೇಷಪ್ಪ ಗೌಡರಿಗೆ ಇದ್ಯಾವುದೂ ಸಾಲದು ಎಂದು ಕಂಡಿತು. ಮನೆಯಲ್ಲಿ ಅರೆಭಾಷೆ, ನಮ್ಮೊಡನೆ ಪೇಟೆ ಕನ್ನಡ ಆಡುವ, ಎರಡು ಮುಡಿ ಭತ್ತ ಬಿತ್ತುವಷ್ಟು ಗದ್ದೆಯ ಮನುಷ್ಯ. ಅವರು ನಮಗೆ ಹೇಳದೆ ತಮ್ಮ ಮನೆಯ ದೈವಕ್ಕೆ ಹರಕೆ ಹೇಳಿಕೊಂಡರು: ಲೂದಿಯಕ್ಕ ಎದ್ದು ಕೂತರೆ ಒಂದು ಹುಂಜ.

ದೊಡ್ಡಮ್ಮ ಎದ್ದು ಕುಳಿತಳು. ಮದ್ದಿನಿಂದಲೋ ಪ್ರಾರ್ಥನೆಯಿಂದಲೋ ಹುಂಜದಿಂದಲೋ ಎಂಬ ಪ್ರಶ್ನೆಗೆ ಮೂವರಲ್ಲೂ ಉತ್ತರ ಸಿದ್ಧವಿತ್ತು. ಆದರೆ ಶೇಷಪ್ಪಣ್ಣ ಮಾತ್ರ ಉತ್ತರವನ್ನು ಬೇಯಿಸಿ ತಂದರು. ಒಂದು ಮಧ್ಯಾಹ್ನ, ಬಾಳೆಲೆ ಮುಚ್ಚಿದ ಪಾತ್ರೆ ಹಿಡಿದು ಹಿತ್ತಿಲ ಬಾಗಿಲಲ್ಲಿ ನಿಂತು, “ಅಕ್ಕ, ನಿಮ್ಮ ಹೆಸರಲ್ಲಿ ಕೊಟ್ಟದ್ದು ಇದು. ದೈವಕ್ಕೆ ಆಗಿ ನಿಮಗೂ ಒಂದು ಪಾಲು ಉಂಟು. ರಸವಾದ್ರೂ ಕುಡೀರಿ, ಮೈಗೆ ಬಲ ಬರ್ತದೆ” ಎಂದರು.

ದೊಡ್ಡಮ್ಮ ಪಾತ್ರೆಯನ್ನು ನೋಡಿದಳು. ಅವರ ಮುಖವನ್ನು ನೋಡಿದಳು. “ಕೂತುಕೊಳ್ಳಿ ಶೇಷಪ್ಪ, ಪಾತ್ರೆ ತೊಳೆದು ಕೊಡ್ತೇನೆ” ಎಂದಳು. ಅವರೆದುರಿಗೇ ಕುಳಿತು ಉಂಡಳು. ಮೂರು ವಾರದ ಮೇಲೆ ಅವಳು ಬಾಯಿಗೆ ರುಚಿಯೆಂದು ತಿಂದದ್ದು ಅದೇ ಮೊದಲು.

ಆಗ ನಾನು ಎಲ್ಲಿದ್ದೆ? ಅಲ್ಲೇ ಇದ್ದೆ. ಕಾಲಿನ ತುಂಡು ನನಗೆ ಸಿಕ್ಕಿತ್ತು. ಇದನ್ನು ನಾನು ಮುಂದೆ ಬಹಳ ದಿನ ಯಾರಿಗೂ ಹೇಳಲಿಲ್ಲ. ನೀವು ಕೂಡ ಸ್ವಲ್ಪ ಹೊತ್ತು ಮರೆತಿರಿ.

ಸುದ್ದಿ ಹರಡಿದ್ದು ಶತ್ರುಗಳಿಂದಲ್ಲ, ಶೇಷಪ್ಪಣ್ಣನಿಂದಲೇ. ಅವರಿಗೆ ಹೆಮ್ಮೆ. ಪೇಟೆಯಲ್ಲಿ ಸಿಕ್ಕಿದವರಿಗೆಲ್ಲ “ನಮ್ಮ ದೈವ ಲೂದಿಯಕ್ಕನನ್ನು ಕೈ ಬಿಡ್ಲಿಲ್ಲ, ಅವರೂ ದೈವದ ಪಾಲು ಬೇಡ ಹೇಳ್ಲಿಲ್ಲ” ಎಂದರು. ಸಿಕ್ಕಿದವರಲ್ಲಿ ನಮ್ಮ ಸಭೆಯ ಕಾರ್ಯದರ್ಶಿ ವರ್ಗೀಸ್ ರೈಟರೂ ಒಬ್ಬರು. ಕೇರಳದ ತಿರುವಾಂಕೂರಿನ ಕಡೆಯಿಂದ ಬಂದು, ಸುಳ್ಯದ ಆಚೆ ಒಂದು ರಬ್ಬರ್ ತೋಟದಲ್ಲಿ ಲೆಕ್ಕ ಬರೆಯುವ ಕೆಲಸದಲ್ಲಿದ್ದವರು. ಕನ್ನಡವನ್ನು ಮೂವತ್ತರ ಮೇಲೆ ಕಲಿತು, ನಮಗಿಂತ ಚೆಂದದ ಅಕ್ಷರದಲ್ಲಿ ಬರೆಯುತ್ತಿದ್ದರು. ಒಳ್ಳೆಯ ಮನುಷ್ಯ, ಆದರೆ ಕೇಳಿದ್ದನ್ನು ಬರೆಯದೆ ಬಿಡುವ ಅಭ್ಯಾಸವಿಲ್ಲ.

ಹಿರಿಯರ ಕೂಟ ಸೇರಿತು. ಅಯ್ಯನವರು ಆ ದಿನ ಬಂದಿರಲಿಲ್ಲ. ಇಬ್ಬರು ಹಿರಿಯರಲ್ಲಿ ಒಬ್ಬರಿಗೆ ಕಿವಿ ಮಂದ, ಇನ್ನೊಬ್ಬರು ಬಸ್ಸಿಗೆ ಹೊತ್ತಾಯಿತೆಂದು ಆಗಲೇ ಬಾಗಿಲ ಹೊರಗೆ ಚಪ್ಪಲಿ ಹುಡುಕುತ್ತಿದ್ದರು. ಕೇಳಿದ್ದೂ ಬರೆದದ್ದೂ ವರ್ಗೀಸ್ ರೈಟರೇ. ಶೇಷಪ್ಪಣ್ಣನ ದೈವ ನಮ್ಮ ಸಭೆಯಲ್ಲಿ ಭೂತ. ಆ ಭೂತಕ್ಕೆ ಕೊಟ್ಟ ಕೋಳಿಯನ್ನು ತಿಂದದ್ದು ಹೌದೋ ಎಂದು ಕೇಳಿದರು. ದೊಡ್ಡಮ್ಮ ಹೌದು ಎಂದಳು. ಅದಕ್ಕೆ ಏನು ಹೇಳುತ್ತೀರಿ ಎಂದು ಕೇಳಿದರು. ದೊಡ್ಡಮ್ಮನ ಕಣ್ಣೆದುರಿಗೆ ಪಾತ್ರೆ ಹಿಡಿದು ನಿಂತ ಶೇಷಪ್ಪಣ್ಣನ ಮುಖ ಬಂತು. “ಪಾಪ” ಎಂದಳು. ಆಮೇಲೆ, ಅವನ ಮನಸ್ಸು ನೋಯಿಸಲಿಕ್ಕೆ ಆಗುತ್ತದಾ ಎಂದು ಹೇಳುವವಳಿದ್ದಳು. ಅಷ್ಟರಲ್ಲಿ ಕೆಮ್ಮು ಬಂತು. ಜ್ವರ ಬಿಟ್ಟು ಹೋದರೂ ಕೆಮ್ಮು ಹೋಗಿರಲಿಲ್ಲ. ಕೆಮ್ಮು ನಿಲ್ಲುವಾಗ ರೈಟರು ಬರೆದು, ಮಸಿ ಒತ್ತಿ, ಪುಸ್ತಕ ಮುಚ್ಚಿ ಆಗಿತ್ತು.

ವಾರದ ಮೇಲೆ ಕಾಗದ ಬಂತು. ತಾನು ಮಾಡಿದ್ದು ಪಾಪವೆಂದು ಸಹೋದರಿ ಲೂದಿಯ ಅವರು ತಾವಾಗಿಯೇ ಒಪ್ಪಿಕೊಂಡಿರುವ ಕಾರಣ, ಒಂದು ವರ್ಷ ಕರ್ತನ ಭೋಜನಕ್ಕೆ ಬರತಕ್ಕದ್ದಲ್ಲ. ನಾನೇ ಗಟ್ಟಿಯಾಗಿ ಓದಿದೆ. ದೊಡ್ಡಮ್ಮ ಇಸ್ತ್ರಿಪೆಟ್ಟಿಗೆಗೆ ಕೆಂಡ ಹಾಕುತ್ತಿದ್ದವಳು ಇಕ್ಕಳವನ್ನು ಹಾಗೇ ಹಿಡಿದು ನಿಂತಳು.

“ನಾನು ಎಲ್ಲಿ ಹಾಗೆ ಹೇಳಿದೆ? ಪಾಪ ಅಂದದ್ದು ಶೇಷಪ್ಪನನ್ನಲ್ವಾ?”

“ಹಾಗಾದ್ರೆ ಈ ಬಟ್ಟೆ?” ಎಂದೆ. ಅವಳ ಎದುರಿಗಿದ್ದದ್ದು ಮೇಜಿನ ಬಟ್ಟೆಯೇ. ಕಾಗದದಲ್ಲಿ ಬಟ್ಟೆಯ ವಿಷಯ ಇರಲಿಲ್ಲ. ಅಂದರೆ ಮೇಜಿನ ಬಟ್ಟೆ ಒಗೆಯಬಹುದು, ಮೇಜಿಗೆ ಬರಬಾರದು. ದೊಡ್ಡಮ್ಮ ಇಸ್ತ್ರಿ ಮಾಡಿದಳು. ಆ ದಿನದಿಂದ ಅವಳು ಸರಿಯಾಗಿ ಉಣ್ಣಲಿಲ್ಲ. ಜ್ವರದಲ್ಲಿ ಇಳಿದಿದ್ದ ಮೈ ಏರಲೇ ಇಲ್ಲ. ಒಂದು ಸಂಜೆ ಲೇಸಿನ ಕಡ್ಡಿ ಕೆಳಗಿಟ್ಟು, “ಈ ವರ್ಷದೊಳಗೆ ನಾನು ಸತ್ತರೆ ಗಂಟೆ ಹೊಡೆಯುದಿಲ್ವಂತೆ, ಹೌದಾ ಸಾಮು?” ಎಂದು ಕೇಳಿದಳು. ಹೀಗೆ ಶಿಕ್ಷೆಗೆ ಒಳಗಾದವರು, ನಮ್ಮ ಮಾತಿನಲ್ಲಿ ಶಿಸ್ತಿನಲ್ಲಿದ್ದವರು, ಸತ್ತರೆ ಪ್ರಾರ್ಥನಾಲಯದ ಗಂಟೆ ಬಾರಿಸುವುದಿಲ್ಲ ಎಂಬ ರೂಢಿ ಇತ್ತು. ನನಗೆ ಸಿಟ್ಟು ಬಂದದ್ದು ಆಗ. ಆ ಸಿಟ್ಟು ಇನ್ನೂ ಇದೆ, ಮಡಿಚಿ ಇಟ್ಟಿದ್ದೇನೆ.

ಈಗ ಬುದ್ಧಿವಂತನಾದವ ಏನು ಮಾಡಬೇಕು? ವರ್ಗೀಸ್ ರೈಟರ ಮನೆಗೆ ಹೋಗಿ, ಸ್ವಾಮಿ, ನಮ್ಮೂರಲ್ಲಿ ಪಾಪ ಎಂದರೆ ಹೀಗೂ ಒಂದು ಅರ್ಥ ಉಂಟು ಎಂದು ಹೇಳಿದರೆ ಮುಗಿಯಿತು. ಅದ್ರಾಮಾಕ ಹೇಳಿದ್ದೂ ಅದನ್ನೇ. “ಒಂದು ಶಬ್ದದ ಜಗಳಕ್ಕೆ ಇಡೀ ಕಿತಾಬು ಯಾಕೆ ಮಾರಾಯ? ಗುಂಡಿ ಹೋದ್ರೆ ಗುಂಡಿ ಇಡ್ಬೇಕು, ಹೊಸ ಅಂಗಿ ಹೊಲೀಲಿಕ್ಕೆ ಕೂತ್ಕೊಳ್ಳುದಲ್ಲ.”

ನನಗೆ ಅದು ರುಚಿಸಲಿಲ್ಲ. ಒಂದು ತಪ್ಪು ತಿಳುವಳಿಕೆಯಿಂದ ಗೆಲ್ಲುವುದು ನನ್ನ ಹದಿಮೂರು ಶಬ್ದಗಳಿಗೆ ಅವಮಾನವೆಂದು ಕಂಡಿತು. ದೊಡ್ಡಮ್ಮ ಮಾಡಿದ್ದು ತಪ್ಪೇ ಅಲ್ಲ ಎಂದು ಬೈಬಲಿನಿಂದಲೇ ತೋರಿಸಬೇಕು, ಅದೂ ಅಯ್ಯನವರ ಎದುರಿಗೆ. ಹೊಲಿಯಲು ಬಂದ ಅಂಗಿಗಳು ಮೂಲೆಯಲ್ಲಿ ರಾಶಿ ಬಿದ್ದವು, ನಾನು ಜಗಲಿಯಲ್ಲಿ ಕುಳಿತು ವಾಕ್ಯ ಹುಡುಕಿದೆ.

ಸಿಕ್ಕಿದ್ದು ಒಂದೆರಡಲ್ಲ. ಅರಾಮ್ಯ ದೇಶದ ಸೇನಾಪತಿ ನಾಮಾನ ಎಂಬವನಿದ್ದ. ಕುಷ್ಠ ಗುಣವಾದ ಮೇಲೆ ಅವನು ಪ್ರವಾದಿ ಎಲೀಷನ ಹತ್ತಿರ ಒಂದು ಅಪ್ಪಣೆ ಕೇಳುತ್ತಾನೆ. ಇನ್ನು ನಿನ್ನ ದೇವರೇ ನನ್ನ ದೇವರು, ಆದರೆ ನನ್ನ ರಾಜ ತನ್ನ ದೇವರ ಗುಡಿಗೆ ಹೋಗುವಾಗ ನನ್ನ ಕೈ ಹಿಡಿದು ಬಗ್ಗುತ್ತಾನೆ, ಅವನ ಜೊತೆ ನಾನೂ ಬಗ್ಗಬೇಕಾಗುತ್ತದೆ, ಅದೊಂದನ್ನು ಕ್ಷಮಿಸಬಹುದೇ? ಪ್ರವಾದಿ ಬೈಯಲಿಲ್ಲ, ಕೂಟ ಸೇರಿಸಲಿಲ್ಲ, ಬರೆದುಕೊಳ್ಳಲಿಲ್ಲ. ಸಮಾಧಾನದಿಂದ ಹೋಗು ಎಂದ. ಈ ಕಥೆ ಓದಿ ನಾನು ಮಿಷನಿನ ಚಕ್ರ ಸುಮ್ಮನೆ ಎರಡು ಸುತ್ತು ತಿರುಗಿಸಿದೆ. ಇದರ ಮೇಲೆ ಅಪೊಸ್ತಲ ಪೌಲ ಕೊರಿಂಥ ಪಟ್ಟಣದ ಸಭೆಗೆ ಬರೆದ ಪತ್ರ. ಕೊರಿಂಥದವರಿಗೂ ನಮ್ಮದೇ ತೊಂದರೆ: ಗುಡಿಯಲ್ಲಿ ಕೊಟ್ಟ ಮಾಂಸ ಪೇಟೆಗೆ ಬರುತ್ತದೆ, ಕ್ರೈಸ್ತರು ತಿನ್ನಬಹುದೇ? ಪೇಟೆಯಲ್ಲಿ ಮಾರುವುದನ್ನು ತಿನ್ನಿ, ಎಲ್ಲಿಯದೆಂದು ವಿಚಾರಿಸುತ್ತಾ ಹೋಗಬೇಡಿ ಎಂದು ಪೌಲ ಬರೆದಿದ್ದಾನೆ. ನಂಬದವರು ಊಟಕ್ಕೆ ಕರೆದರೂ ಬಡಿಸಿದ್ದನ್ನು ತಿನ್ನಿ ಎಂದಿದ್ದಾನೆ. ಇಷ್ಟು ಸಿಕ್ಕಿದ ಮೇಲೆ ಪುಸ್ತಕ ಮುಚ್ಚಿದೆ. ಪುಸ್ತಕವನ್ನು ಎಲ್ಲಿ ಮುಚ್ಚಬೇಕೆಂಬುದು ಓದುಗನ ಹಕ್ಕು ಎಂದು ನಂಬಿದ್ದ ಕಾಲ ಅದು.

ಶುಭ ಶುಕ್ರವಾರಕ್ಕೆ ಮೊದಲಿನ ವಾರ ಅಯ್ಯನವರು ಬಂದರು. ಕೂಟ ಮತ್ತೆ ಸೇರಿತು. ನಾನು ಎದ್ದು ನಿಂತು ನಾಮಾನನಿಂದ ಪ್ರಾರಂಭಿಸಿ ಪೌಲನವರೆಗೆ ಬಂದೆ. ನಡುವೆ ಗ್ರೀಕಿನ ಮೂರು ಶಬ್ದಗಳನ್ನು ಎಸೆದೆ. ಕಿವಿ ಮಂದವಾದ ಹಿರಿಯರು ಮಾತ್ರ ತಲೆ ಆಡಿಸುತ್ತಿದ್ದರು. ಅಯ್ಯನವರು ಪೂರ್ತಿ ಕೇಳಿ, ಕನ್ನಡಕ ಸರಿಮಾಡಿಕೊಂಡು, “ಮುಂದಿನ ವಾಕ್ಯ ಓದಪ್ಪ” ಎಂದರು.

ನನಗೆ ಮುಂದಿನ ವಾಕ್ಯ ಗೊತ್ತಿತ್ತು. ಓದಿದೆ. ಆದರೆ ಯಾರಾದರೂ ನಿಮಗೆ, ಇದು ದೇವತೆಗೆ ಕೊಟ್ಟದ್ದು ಎಂದು ಹೇಳಿದರೆ, ಹಾಗೆ ಹೇಳಿದವನ ಮನಸ್ಸಾಕ್ಷಿಯ ಸಲುವಾಗಿ ತಿನ್ನಬೇಡಿ ಎಂದಿದೆ ಅಲ್ಲಿ.

“ಶೇಷಪ್ಪ ಗೌಡ ಹೇಳಿಯೇ ಕೊಟ್ಟದ್ದಲ್ವಾ?”

“ಹೌದು ಅಯ್ಯನವರೇ.”

“ಮತ್ತೆ?”

ಹದಿಮೂರು ಶಬ್ದಗಳಲ್ಲಿ ಒಂದೂ ನೆರವಿಗೆ ಬರಲಿಲ್ಲ. ಆಗ ಆ ವಾಕ್ಯವನ್ನೇ ಮತ್ತೊಮ್ಮೆ ನೋಡಿದೆ. ಯಾರ ಮನಸ್ಸಾಕ್ಷಿಗಾಗಿ? ಹೇಳಿದವನ ಮನಸ್ಸಾಕ್ಷಿಗಾಗಿ. ತಿನ್ನುವವರದ್ದಲ್ಲ. “ಅಯ್ಯನವರೇ, ಇಲ್ಲಿ ಹೇಳಿದವರು ಶೇಷಪ್ಪಣ್ಣ” ಎಂದೆ. “ತಿಂದರೆ ಅವರ ಮನಸ್ಸಿಗೆ ನೋವಿಲ್ಲ. ತಿನ್ನದಿದ್ರೆ ನೋವು. ಪೌಲ ಹೇಳುದು ಅವರ ಮನಸ್ಸು ನೋಯಿಸ್ಬೇಡ ಅಂತ. ಹಾಗಾದ್ರೆ ಬೆಳ್ಳಾರೆಯಲ್ಲಿ ಈ ವಾಕ್ಯದ ಅರ್ಥ ತಿನ್ನು ಅಂತಲೇ ಆಗ್ತದೆ.”

ಇಂದಿಗೂ ನಾನು ಈ ವಾದವನ್ನು ಬಿಟ್ಟುಕೊಟ್ಟಿಲ್ಲ. ಶೇಷಪ್ಪಣ್ಣನ ಪರಿಚಯ ಇದ್ದಿದ್ದರೆ ಪೌಲನೂ ಒಪ್ಪುತ್ತಿದ್ದ ಎಂದು ನನ್ನ ನಂಬಿಕೆ. ಅಯ್ಯನವರು ನಕ್ಕರೋ ಇಲ್ಲವೋ ಎಂದು ಗೊತ್ತಾಗದ ಹಾಗೆ ನಕ್ಕು, “ಹೀಗೆ ಒಬ್ಬೊಬ್ಬ ಟೈಲರ್ ಅವನವನ ಅಳತೆಗೆ ವಾಕ್ಯ ಕತ್ತರಿಸ್ತಾ ಕೂತ್ರೆ ಸಭೆಗೆ ಉಡ್ಲಿಕ್ಕೆ ಎಂತ ಉಳೀತದೆ?” ಎಂದರು.

“ಅಳತೆ ತೆಗೆಯದೆ ಹೊಲಿದ ಅಂಗಿಯನ್ನೂ ಯಾರೂ ಉಡುದಿಲ್ಲ ಅಯ್ಯನವರೇ.”

ಇದು ಒಳ್ಳೆಯ ಮಾತಾಗಿತ್ತು. ಆದರೆ ಒಳ್ಳೆಯ ಮಾತಿನಿಂದ ಯಾರ ಶಿಕ್ಷೆಯೂ ಇಳಿಯುವುದಿಲ್ಲ. ಅಯ್ಯನವರು ಕೂಟದಲ್ಲಿ ಬರೆದಿಟ್ಟ ನಡವಳಿ ಪುಸ್ತಕ ತರಿಸಿದರು. “ನೀನು ಎಷ್ಟು ವಾದ ಮಾಡಿದ್ರೂ, ಅವರೇ ಒಪ್ಪಿದ್ದಾರಲ್ಲ” ಎಂದು ಓದಿದರು: ಪಾಪ ಎಂದು ಒಪ್ಪಿದರು.

ಮೂಲೆಯ ಬೆಂಚಿನಲ್ಲಿ ಕುಳಿತಿದ್ದ ದೊಡ್ಡಮ್ಮ ಆಗ ಮೊದಲ ಸಲ ಬಾಯಿ ಬಿಟ್ಟಳು. “ನಾನು ಹೇಳಿದ್ದು ಶೇಷಪ್ಪನನ್ನು. ಅವ ಪಾಪ, ಅಷ್ಟು ಪ್ರೀತಿಯಲ್ಲಿ ತಂದದ್ದು ಅಂತ.”

ವರ್ಗೀಸ್ ರೈಟರು ತಲೆ ಎತ್ತಿದರು. ಅವರ ಮುಖ ಕೆಂಪಾಗಿತ್ತು. “ನಾನು ಕೇಳಿದ್ದನ್ನೇ ಬರೆದದ್ದು. ಬರೆದದ್ದು ಬರೆದಾಯ್ತು ಅಲ್ಲವೋ.”

ನಾನು ಸುಮ್ಮನಿರಬಹುದಿತ್ತು. “ರೈಟರೇ, ಬರೆದದ್ದು ಬರೆದಾಯ್ತು ಅಂತ ಹೇಳಿದವ ಬೈಬಲಲ್ಲಿ ಒಬ್ಬನೇ ಇರುದು. ಅವ ಅದಕ್ಕೆ ಮೊದಲು ಕೈ ತೊಳೆದುಕೊಂಡಿದ್ದ” ಎಂದೆ. ಯೇಸುವನ್ನು ಶಿಲುಬೆಗೆ ಒಪ್ಪಿಸಿದ ಪಿಲಾತನ ಹೆಸರು ಹೇಳಬೇಕಾಗಲಿಲ್ಲ. ಮುಂದಿನ ಶುಕ್ರವಾರ ಅವನದ್ದೇ ಕಥೆ ಓದುವುದಿತ್ತು.

ದೊಡ್ಡಮ್ಮ “ಸಾಮು” ಎಂದಳು, ಅಷ್ಟೇ. ರೈಟರು ಮಾತ್ರ ಸಿಟ್ಟು ಮಾಡಲಿಲ್ಲ. ಅವರು ಪುಟದ ಮೇಲಿನ ಆ ಎರಡು ಅಕ್ಷರವನ್ನೇ ನೋಡುತ್ತಿದ್ದರು. ಆಮೇಲೆ ಮೆಲ್ಲಗೆ ದೊಡ್ಡಮ್ಮನ ಕಡೆ ತಿರುಗಿ, “ಪಾವಮೋ?” ಎಂದರು. “ನೀವು ಹೇಳಿದ್ದು ಪಾವಮೋ? ನಮ್ಮ ಮಲಯಾಳದಲ್ಲಿ ಪಾಪಂ ಬೇರೆ, ಪಾವಂ ಬೇರೆ. ದೇವರಿಗೆ ವಿರೋಧ ಮಾಡಿದ್ರೆ ಪಾಪಂ. ಏನೂ ಗೊತ್ತಿಲ್ಲದ ಸಾಧು ಮನುಷ್ಯ ಪಾವಂ. ನಿಮ್ಮಲ್ಲಿ ಎರಡಕ್ಕೂ ಒಂದೇ ಅಂತ ನನಗೆ ಯಾರೂ ಹೇಳ್ಲಿಲ್ಲ.”

ಹೇಳಬೇಕಾದವನು ನಾನಾಗಿದ್ದೆ, ಎರಡು ತಿಂಗಳ ಹಿಂದೆ, ಅವರ ಮನೆಯ ಜಗಲಿಯಲ್ಲಿ, ಹಾಲಿಲ್ಲದ ಕಟ್ಟಂಚಾಯ ಒಂದು ಲೋಟ ಕುಡಿಯುವ ಹೊತ್ತಿನಲ್ಲಿ. ಅದ್ರಾಮಾಕನ ಗುಂಡಿ ನೆನಪಾಯಿತು. ಆ ಎರಡು ತಿಂಗಳು ದೊಡ್ಡಮ್ಮ ಅರ್ಧ ಊಟದಲ್ಲಿ ಕಳೆದಿದ್ದಳು, ನಾನು ಗ್ರೀಕಿನಲ್ಲಿ ಕಳೆದಿದ್ದೆ.

ಅಯ್ಯನವರಿಗೂ ಹಗುರಾಯಿತೆಂದು ಕಾಣುತ್ತದೆ. ಅವರೇನೂ ಕಲ್ಲಿನ ಮನುಷ್ಯನಲ್ಲ. “ಹಾಗಾದ್ರೆ ನಡವಳಿ ತಿದ್ದುವ. ಇನ್ನು ಕೋಳಿಯ ವಿಷಯ. ಲೂದಿಯಮ್ಮ, ಜ್ವರದಲ್ಲಿ ನಿಮಗೆ ಸರಿಯಾಗಿ ತಿಳಿದಿರಲಿಕ್ಕಿಲ್ಲ. ಅದು ಭೂತಕ್ಕೆ ಕೊಟ್ಟದ್ದು ಅಂತ ಗೊತ್ತಿರಲಿಲ್ಲ ಅಂತ ಒಂದು ಮಾತು ಹೇಳಿ. ಶುಕ್ರವಾರ ಮೇಜಿಗೆ ಬನ್ನಿ” ಎಂದರು.

ಒಂದು ಮಾತು ಸಾಕಿತ್ತು. ದೊಡ್ಡಮ್ಮ ಎದ್ದು ನಿಂತು ಸೆರಗು ಸರಿಮಾಡಿಕೊಂಡಳು.

“ಗೊತ್ತಿತ್ತಲ್ಲ ಅಯ್ಯನವರೇ. ನನ್ನ ಹೆಸರಲ್ಲೇ ಕೊಟ್ಟದ್ದು, ನನಗೆ ಗೊತ್ತಿಲ್ಲದೆ ಇರ್ತದಾ? ಗೊತ್ತಿರಲಿಲ್ಲ ಅಂದ್ರೆ ಸುಳ್ಳಾಗುದಿಲ್ವಾ? ಕೋಳಿಗೆ ಒಂದು ವರ್ಷ ಆದ್ರೆ ಸುಳ್ಳಿಗೆ ಎಷ್ಟು ವರ್ಷ?”

ಇದಕ್ಕೆ ಉತ್ತರ ಯಾವ ಪತ್ರದಲ್ಲೂ ಇಲ್ಲ. ನಾನು ತಿಂಗಳುಗಟ್ಟಲೆ ಹುಡುಕಿದ ವಾಕ್ಯಗಳೆಲ್ಲ ಅವಳ ಎದುರು ಅಂಚು ಹೊಲಿಯದ ಬಟ್ಟೆಯ ಹಾಗೆ ಕಂಡವು. ಅವಳು ಅಲ್ಲಿ ನಿಂತು ತನ್ನ ವರ್ಷದ ಮೂರು ದಿನಗಳನ್ನು ಕೈಯಾರೆ ಬಿಟ್ಟುಕೊಡುತ್ತಿರುವಾಗ, ನನಗೆ ಇದ್ದಕ್ಕಿದ್ದಂತೆ ಆ ಕಾಲಿನ ತುಂಡು ಗಂಟಲಿಗೆ ಬಂತು. ಇನ್ನು ನೀವೂ ನೆನಪು ಮಾಡಿಕೊಳ್ಳಬಹುದು.

“ಕಾಲು ನಾನು ತಿಂದದ್ದು ಅಯ್ಯನವರೇ” ಎಂದೆ. “ಗೊತ್ತಿದ್ದೇ ತಿಂದದ್ದು. ಚೆಂದ ಆಗಿತ್ತು.”

ಚೆಂದ ಆಗಿತ್ತು ಎಂದು ಸೇರಿಸಬೇಕಾದ ಅಗತ್ಯವಿರಲಿಲ್ಲ ಎಂದು ದೊಡ್ಡಮ್ಮ ಆಮೇಲೆ ಹೇಳಿದಳು.

ಅಯ್ಯನವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಬಹಳ ಹೊತ್ತು ಕಣ್ಣು ಒರೆಸಿಕೊಂಡರು. ತೀರ್ಪು ಹೀಗಾಯಿತು: ಒಂದು ವರ್ಷವಲ್ಲ, ಕೊಯ್ಲಿನ ಹಬ್ಬದವರೆಗೆ, ಒಬ್ಬರಲ್ಲ, ಇಬ್ಬರು. ನನ್ನ ಇಷ್ಟೆಲ್ಲ ವಾದದಿಂದ ಸಭೆಯಲ್ಲಿ ಶಿಕ್ಷೆಗೊಳಗಾದವರ ಸಂಖ್ಯೆ ಎರಡು ಪಟ್ಟಾಯಿತು.

ಮನೆಗೆ ನಡೆಯುವಾಗ ನಾನು ಕುದಿಯುತ್ತಿದ್ದೆ. ಅಯ್ಯನವರನ್ನು ಯೇಸುವಿನೊಡನೆ ನಿಯಮದ ಜಗಳ ತೆಗೆಯುತ್ತಿದ್ದ ಫರಿಸಾಯರಿಗೆ ಹೋಲಿಸಿದೆ, ಪುತ್ತೂರನ್ನು ಯೆರೂಸಲೇಮಿಗೆ ಹೋಲಿಸಿದೆ. ದೊಡ್ಡಮ್ಮ ಸೇತುವೆಯ ಹತ್ತಿರ ನಿಂತು ಉಸಿರು ತೆಗೆದುಕೊಂಡು, “ಬಿಡು ಮಗ. ಅವರಿಗೂ ಮೇಲೆ ಲೆಕ್ಕ ಕೇಳುವವರು ಇದ್ದಾರೆ. ಅಯ್ಯನವರು ಪಾಪ” ಎಂದಳು. ಯಾವ ಅರ್ಥದಲ್ಲಿ ಎಂದು ನಾನು ಕೇಳಲಿಲ್ಲ. ಆ ರಾತ್ರಿ ಅವಳು ಎರಡು ಸಲ ಬಡಿಸಿಕೊಂಡು ಉಂಡಳು.

ಅಲ್ಲಿಂದ ಇಲ್ಲಿಯವರೆಗೆ ನಾನು ಇದನ್ನು ಬಹಳ ಯೋಚಿಸಿದ್ದೇನೆ. ಯಾವುದೋ ಕಾಲದಲ್ಲಿ ಯಾವುದೋ ಪಾದ್ರಿ ಪಕ್ಕದಲ್ಲಿ ಒಬ್ಬ ಮುನ್ಷಿಯನ್ನು ಕೂರಿಸಿಕೊಂಡು ಬೈಬಲನ್ನು ಕನ್ನಡಕ್ಕೆ ತಂದಾಗ, ಗುರಿ ತಪ್ಪುವುದಕ್ಕೆ ಪಾಪ ಎಂಬ ಮಾತನ್ನು ಆರಿಸಿದರು. ಅದರ ಹೊಟ್ಟೆಯಲ್ಲಿ ಅಯ್ಯೋ ಎನ್ನುವ ಮರುಕವೂ ಇದೆ ಎಂದು ಅವರಿಗೆ ಗೊತ್ತಿತ್ತೋ ಇಲ್ಲವೋ. ಮಲಯಾಳದಲ್ಲಿ ಎರಡನ್ನೂ ಬೇರೆ ಬೇರೆ ಡಬ್ಬಿಯಲ್ಲಿ ಇಟ್ಟಿದ್ದಾರೆ, ಅಚ್ಚುಕಟ್ಟಾಗಿದೆ. ನಮ್ಮಲ್ಲಿ ಒಂದೇ ಡಬ್ಬಿ. ಮೇಲಿನಿಂದ ನಮ್ಮನ್ನು ನೋಡುವವನು ನಮ್ಮ ಲೆಕ್ಕವನ್ನೆಲ್ಲ ನೋಡಿ “ಪಾಪ” ಎಂದರೆ, ಅವನು ತೀರ್ಪು ಕೊಟ್ಟನೋ ಮರುಗಿದನೋ ಎಂದು ಬರೆದುಕೊಳ್ಳುವವರಿಗೆ ಹೇಗೆ ಗೊತ್ತಾಗಬೇಕು? ಬಹುಶಃ ಅವನು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾನೆ. ಇದು ತಪ್ಪು ಬೋಧನೆ ಎಂದು ಅಯ್ಯನವರು ಒಮ್ಮೆ ಹೇಳಿದರು. ಇರಲಿ. ನನಗೆ ಅಂಚೆಯಿಂದ “ಉತ್ತಮ” ಬಂದಿದೆ.

ಶುಭ ಶುಕ್ರವಾರ ನಾವಿಬ್ಬರು ಹಿಂದಿನ ಬೆಂಚಿನಲ್ಲಿ ಕುಳಿತೆವು. ಉಳಿದವರು ಸಾಲಾಗಿ ಮೇಜಿಗೆ ಹೋದರು. ಬಟ್ಟೆ ಹಾಸಿದ್ದು ರೈಟರು. ದೊಡ್ಡಮ್ಮ ಕತ್ತು ಚಾಚಿ ನೋಡಿ, “ಅಡಿಮೇಲು ಹಾಕಿದ್ದಾರೆ” ಎಂದು ಪಿಸುಗುಟ್ಟಿದಳು. ಆರಾಧನೆ ಮುಗಿಯುವವರೆಗೆ ಅವಳಿಗೆ ಇದ್ದ ದುಃಖ ಅದೊಂದೇ ಎಂಬಂತೆ ಇದ್ದಳು. ಮೇಜಿಗೆ ಹೋಗುವ ಸಾಲು ಮುಗಿಯುತ್ತಾ ಬಂದಾಗ ಗಮನಿಸಿದೆ, ರೈಟರು ಹೋಗಿರಲಿಲ್ಲ. ಅವರು ಮೆಲ್ಲಗೆ ಬಂದು ನಮ್ಮ ಬೆಂಚಿನ ತುದಿಯಲ್ಲಿ ಕುಳಿತರು. ಪಿಲಾತನ ಮಾತಿಗೆ ನಾನು ಅವರ ಕ್ಷಮೆ ಕೇಳಿದ್ದು ಆ ದಿನ ಸಂಜೆ.

ನಡವಳಿ ಪುಸ್ತಕವನ್ನೂ ಅವರು ತಿದ್ದಿದರು. ಹೊಡೆದು ಹಾಕಿದರೆ ಪುಟ ಕೆಡುತ್ತದೆಂದು, ಎರಡನೆಯ ಪ ಅಕ್ಷರದ ತೆರೆದ ಬಾಯಿಯನ್ನು ಮಸಿಯಿಂದ ಮುಚ್ಚಿ ವ ಮಾಡಿದರು. ಹಾಗಾಗಿ ನಮ್ಮ ಸಭೆಯ ದಾಖಲೆಯಲ್ಲಿ ಇಂದಿಗೂ “ಪಾವ ಎಂದು ಒಪ್ಪಿದರು” ಎಂದಿದೆ. ನೂರು ವರ್ಷದ ಮೇಲೆ ಅದನ್ನು ಓದುವ ಪಂಡಿತ, ಲೂದಿಯಮ್ಮ ಒಂದು ಪಾವು ಅಕ್ಕಿ ಕೊಡಲು ಒಪ್ಪಿದರು ಎಂದು ಅರ್ಥ ಮಾಡಲಿ. ನನ್ನದೇನೂ ಆಕ್ಷೇಪವಿಲ್ಲ.

ಕೊಯ್ಲಿನ ಹಬ್ಬ ಬಂತು. ಆ ದಿನ ನಮ್ಮಲ್ಲಿ ಪ್ರತಿಯೊಬ್ಬರೂ ತಾವು ಬೆಳೆದದ್ದನ್ನು ತಂದು ಮೇಜಿನ ಎದುರು ಇಡುವುದು, ಆರಾಧನೆಯ ಮೇಲೆ ಅದನ್ನು ಅಂಗಳದಲ್ಲಿ ಏಲಂ ಹಾಕುವುದು ರೂಢಿ. ದೊಡ್ಡಮ್ಮ ಬಟ್ಟೆಯನ್ನು ತಾನೇ ಹಾಸಿ, ಸರಿಯಾದ ಮಗ್ಗುಲಲ್ಲಿ, ಮೊದಲಿನ ಸಾಲಿನಲ್ಲಿ ಹೋಗಿ ರೊಟ್ಟಿಯನ್ನೂ ರಸವನ್ನೂ ತೆಗೆದುಕೊಂಡಳು. ನಾನು ಹಿಂದೆ ಇದ್ದೆ.

ಅವಳು ಕಾಣಿಕೆಯಾಗಿ ತಂದದ್ದು ಒಂದು ಕೆಂಪು ಹುಂಜ. ನಮ್ಮ ಮನೆಯಲ್ಲಿ ಕೋಳಿ ಇರಲಿಲ್ಲ. ಹಿಂದಿನ ಸಂಜೆ ಶೇಷಪ್ಪಣ್ಣ ಕಾಲು ಕಟ್ಟಿ ತಂದುಕೊಟ್ಟು, “ನಿಮ್ಮ ದೈವಕ್ಕೂ ಒಂದು ಇರ್ಲಿ ಅಕ್ಕ, ಅವರಿಗೆ ಬೇಸರ ಆಗುದು ಬೇಡ” ಎಂದಿದ್ದರು.

ಏಲಂನಲ್ಲಿ ಬೆಲೆ ಕೂಗಿ ಅದನ್ನು ಹಿಡಿದದ್ದು ವರ್ಗೀಸ್ ರೈಟರು. ಹಿಡಿದು, ಅಯ್ಯನವರಿಗೆ ಪುತ್ತೂರಿಗೆ ಒಯ್ಯಲು ಕೊಟ್ಟುಬಿಟ್ಟರು. ಅಯ್ಯನವರು ಚೀಲದಿಂದ ತಲೆ ಹೊರಹಾಕಿದ ಹುಂಜವನ್ನು ಮೆಚ್ಚಿ ನೋಡುತ್ತ, “ಒಳ್ಳೆ ಜಾತಿ. ಎಲ್ಲಿಯದ್ದು ಇದು?” ಎಂದು ಕೇಳಿದರು.

ನಾನು ಬಾಯಿ ತೆರೆದೆ. ದೊಡ್ಡಮ್ಮ ನನ್ನ ಕಾಲು ತುಳಿದಳು. “ಪೇಟೆಗೆ ಬಂದದ್ದನ್ನು ವಿಚಾರಿಸ್ತಾ ಹೋಗ್ಬೇಡಿ ಅಂತ ಪೌಲನೇ ಹೇಳಿದ್ದಾನಂತೆ ಅಯ್ಯನವರೇ. ನಮ್ಮ ಸಾಮು ಓದಿದ್ದು.”

ಅಯ್ಯನವರು ಅವಳನ್ನು ನೋಡಿದರು. ಆಮೇಲೆ ಬೇಲಿಯ ಆಚೆ, ಏಲಂ ನೋಡಲು ಬಂದು ನಗುತ್ತ ನಿಂತಿದ್ದ ಶೇಷಪ್ಪಣ್ಣನನ್ನು ನೋಡಿದರು. ಅವರಿಗೆ ಗೊತ್ತಾಯಿತು, ಗೊತ್ತಾದದ್ದು ನನಗೂ ಗೊತ್ತಾಯಿತು. ಮುಂದಿನ ವಾಕ್ಯ ಅವರಿಗೆ ಬಾಯಿಪಾಠ ಇತ್ತು. ಆದರೂ ಚೀಲದ ಬಾಯನ್ನು ಸ್ವಲ್ಪ ಸಡಿಲಿಸಿ, ಅದಕ್ಕೆ ಉಸಿರಾಡಲು ಜಾಗ ಮಾಡಿ, ಬಸ್ಸು ಹತ್ತಿದರು.

ಬಸ್ಸು ತಿರುಗುವವರೆಗೆ ಕಿಟಕಿಯಲ್ಲಿ ಕೆಂಪು ಜುಟ್ಟು ಕಾಣುತ್ತಿತ್ತು. ಅದಕ್ಕೆ ತಾನು ಯಾವ ದೇವರ ಪಾಲೆಂದು ಯಾರೂ ಹೇಳಿರಲಿಲ್ಲ. ಎಲ್ಲ ಲೆಕ್ಕ ಹಾಕಿ ನೋಡಿದರೆ, ಈ ಇಡೀ ಪ್ರಕರಣದಲ್ಲಿ ನಿಜವಾಗಿ ಪಾಪ ಅಂದರೆ ಅದೊಂದೇ.